ಬೆಟ್ಟ ಸುತ್ತಿದ ಅಪ್ಪನ ನೆನಪಿಗೆ ಫೋಟೋ ಬುಕ್: ಯಾವುದು ಒಗ್ಗುತ್ತದೆ, ಎಲ್ಲಿ ಕೈಕೊಡುತ್ತದೆ

ರಜೆ ಸಿಕ್ಕಿದರೆ ಸಾಕು, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದ, ಹೊಳೆದಂಡೆಯಲ್ಲಿ ಟೆಂಟ್ ಹಾಕುತ್ತಿದ್ದ ಮನುಷ್ಯ ತೀರಿಕೊಂಡ ಮೇಲೆ ಅವರ ನೆನಪಿಗೆ ಏನು ಮಾಡಿಸುವುದು ಎಂದು ಕೇಳಿದರೆ ನಮ್ಮ ಮತ ಫೋಟೋ ಬುಕ್ಕಿಗೇ. ಚೌಕಟ್ಟು ಹಾಕಿಸಿದ ಒಂದು ಮುಖಚಿತ್ರದಲ್ಲಿ ಅವರ ಅರ್ಧ ಬದುಕು ಹೊರಗೇ ಉಳಿದುಬಿಡುತ್ತದೆ. ಆದರೆ ಆನ್‌ಲೈನಿನಲ್ಲಿ ಸಿಗುವ ಎಲ್ಲ ಬುಕ್ಕುಗಳೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಮಾರುವವರು ತೋರಿಸುವ ಮಾದರಿ ಪುಟಗಳಲ್ಲಿ ಒಳ್ಳೆಯ ಬೆಳಕು, ಹತ್ತಿರದ ಮುಖ, ಹೊಸ ಕ್ಯಾಮೆರಾ ಇರುತ್ತವೆ. ನಿಮ್ಮ ಕೈಯಲ್ಲಿರುವುದು ಟೋಪಿಯ ನೆರಳಿನಲ್ಲಿ ಕಪ್ಪಾದ ಮುಖ, ದೂರದ ಬಂಡೆಯ ಮೇಲೆ ಚುಕ್ಕೆಯಷ್ಟು ಕಾಣುವ ಆಕೃತಿ.

ಬೈಂಡಿಂಗ್ ವಿಷಯದಲ್ಲಿ ಅನುಮಾನವೇ ಬೇಡ, ಲೇಫ್ಲಾಟ್ ತೆಗೆದುಕೊಳ್ಳಿ. ಬೆನ್ನಿಗೆ ಅಂಟು ಹಾಕಿದ ಮಾಮೂಲಿ ಬೈಂಡಿಂಗಿನಲ್ಲಿ ನಡುವಿನ ಮಡಿಕೆ ಎರಡೂ ಪುಟಗಳಿಂದ ಸುಮಾರು ಒಂದೊಂದು ಸೆಂಟಿಮೀಟರ್ ನುಂಗುತ್ತದೆ. ಎರಡು ಪುಟಕ್ಕೆ ಹರಡಿದ ಕಣಿವೆಯ ಚಿತ್ರ ಅಲ್ಲಿಗೇ ಕೆಟ್ಟಿತು. ಲೇಫ್ಲಾಟಿನಲ್ಲಿ ಹಾಳೆ ಪೂರ್ತಿ ಮಲಗುತ್ತದೆ. ಆದರೂ ನಡುವೆ ಮಡಿಕೆಯ ಗೆರೆ ಇದ್ದೇ ಇರುವುದರಿಂದ ಯಾರ ಮುಖವನ್ನೂ ಅಲ್ಲಿಗೆ ತರಬಾರದು.

ಕಾಗದದಲ್ಲಿ ಎರಡು ಬಗೆ. ಫೋಟೋ ಪೇಪರಿನ ಮೇಲೆ ಬೆಳಕಿನಿಂದಲೇ ಮೂಡಿಸಿದ್ದು ಆಕಾಶ, ಮಂಜು, ನೀರಿನ ನಯವಾದ ಛಾಯೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಹಾಳೆ ದಪ್ಪ, ಬುಕ್ಕು ಭಾರ, ಸಣ್ಣ ಅಕ್ಷರದ ಅಂಚು ತುಸು ಮೆತ್ತಗೆ. ಡಿಜಿಟಲ್ ಪ್ರೆಸ್ಸಿನದು ತೆಳು ಮತ್ತು ಅಗ್ಗ, ಅಕ್ಷರ ಚುರುಕು, ಆದರೆ ಕಾಡಿನ ಗಾಢ ಹಸಿರು ಮಂಕಾಗುತ್ತದೆ. ಚಿತ್ರಗಳೇ ಮುಖ್ಯವಾದರೆ ಮೊದಲನೆಯದು, ಬರಹವೇ ಹೆಚ್ಚಿದ್ದರೆ ಎರಡನೆಯದು. ಫಿನಿಶ್ ಮ್ಯಾಟ್ ಇರಲಿ, ಗ್ಲಾಸಿಯ ಮೇಲೆ ಬೆರಳಚ್ಚು ಎದ್ದು ಕಾಣುತ್ತದೆ.

ಹೆಚ್ಚಿನವರು ಸೋಲುವುದು ಚಿತ್ರ ಕೂಡಿಸುವಾಗ. ಸಂಬಂಧಿಕರೆಲ್ಲ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿ ಬಂದಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಮೂಲ ಗಾತ್ರದಲ್ಲೇ ಬರುತ್ತದೆ. ಲೆಕ್ಕ ಸರಳ: 12 ಇಂಚಿನ ಚೌಕ ಪುಟಕ್ಕೆ 300 ಡಿಪಿಐನಂತೆ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಪ್ರತಿ ಬದಿಗೆ 3600 ಪಿಕ್ಸೆಲ್ ಬೇಕು. ಎರಡು ಪುಟ ತುಂಬುವ ಚಿತ್ರಕ್ಕೆ 7200 × 3600. 200 ಡಿಪಿಐಗೆ ಇಳಿದರೂ ನಡೆಯುತ್ತದೆ, ಅದಕ್ಕಿಂತ ಕೆಳಗೆ ಬೇಡ. ಫುಲ್ ಎಚ್‌ಡಿ ವಿಡಿಯೋದಿಂದ ತೆಗೆದ ಫ್ರೇಮ್ 1920 × 1080 ಆದ್ದರಿಂದ ಒಂಬತ್ತೂವರೆ ಇಂಚು ಅಗಲಕ್ಕಿಂತ ದೊಡ್ಡದು ಮಾಡಬೇಡಿ.

ಹಳೆಯ 4 × 6 ಪ್ರಿಂಟನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 8 × 12 ಇಂಚಿನವರೆಗೆ ಹಿಗ್ಗಿಸಬಹುದು. ನೆಗೆಟಿವ್ ಉಳಿದಿದ್ದರೆ ಪ್ರಿಂಟ್ ಬಿಟ್ಟು ಅದನ್ನೇ ಹಿಡಿಯಿರಿ. 35 ಎಂಎಂ ನೆಗೆಟಿವಿಗೆ 2400 ಡಿಪಿಐ ಕೊಟ್ಟರೆ ಸುಮಾರು 3400 × 2270 ಪಿಕ್ಸೆಲ್ ಸಿಗುತ್ತದೆ. ಅಂಟುಹಾಳೆಯ ಆಲ್ಬಮ್ಮಿನಿಂದ ಫೋಟೋ ಬರದಿದ್ದರೆ ಉಗುರು ಹಾಕಿ ಕೀಳಬೇಡಿ, ಆ ಹಾಳೆಯ ಸಮೇತ ಸ್ಕ್ಯಾನ್ ಮಾಡಿ. ಮೈತುಂಬ ಸಣ್ಣ ಉಬ್ಬುಗಳಿರುವ ಪ್ರಿಂಟ್ ಸ್ಕ್ಯಾನರಿನಲ್ಲಿ ಮಿಂಚುತ್ತದೆ. ಅದನ್ನು ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು ಬಿಟ್ಟು ಕ್ಯಾಮೆರಾದಲ್ಲಿ ತೆಗೆಯುವುದೇ ಮೇಲು. ಸ್ಕ್ಯಾನ್ ಮಾಡಿದ ಫೈಲಿಗೆ ಸ್ಕ್ಯಾನ್ ಮಾಡಿದ ದಿನದ ತಾರೀಕೇ ಅಂಟಿಕೊಳ್ಳುತ್ತದೆ. ಆ್ಯಪ್ ತಾನಾಗಿ ಜೋಡಿಸಿದರೆ ಅವರ ಇಪ್ಪತ್ತರ ಹರೆಯ ಕೊನೆಯ ಪುಟಕ್ಕೆ ಹೋಗಿ ಕೂರುತ್ತದೆ. ಫೈಲಿನ ಹೆಸರನ್ನೇ ಚಿತ್ರ ತೆಗೆದ ವರ್ಷದಿಂದ ಶುರುಮಾಡಿ, ಹೆಸರಿನ ಕ್ರಮದಲ್ಲೇ ಜೋಡಿಸಿ.

ಮಸುಕಾದ ಮುಖವನ್ನು ಎಐ ಮೂಲಕ ಚುರುಕು ಮಾಡಿಕೊಡುವ ಸೌಲಭ್ಯವನ್ನು ಈಗ ಹಲವರು ಸೇರಿಸಿದ್ದಾರೆ. ಈ ಬುಕ್ಕಿಗೆ ಅದು ಬೇಡವೇ ಬೇಡ. ಅದು ಇಲ್ಲದ ರೆಪ್ಪೆ, ಇಲ್ಲದ ಹಲ್ಲು ಬರೆದುಬಿಡುತ್ತದೆ, ಹೆಂಡತಿ ಮಕ್ಕಳ ಕಣ್ಣಿಗೆ ಬೇರೆ ಯಾರೋ ಕಾಣುತ್ತಾರೆ. ಮಸುಕಾಗಿದ್ದರೆ ಚಿಕ್ಕದಾಗಿ ಹಾಕಿ, ಅಷ್ಟೆ.

ಇಂಥವರ ಸಂಗ್ರಹದಲ್ಲಿ ಇನ್ನೊಂದು ಕೊರತೆ ಇರುತ್ತದೆ. ಕ್ಯಾಮೆರಾ ಸದಾ ಅವರ ಕೈಯಲ್ಲೇ ಇದ್ದುದರಿಂದ ಚಿತ್ರದಲ್ಲಿ ಎಲ್ಲರೂ ಇದ್ದಾರೆ, ಅವರಿಲ್ಲ! ಆ ಜಾಗ ತುಂಬಲು ಅವರು ಪೆನ್ನಿನಲ್ಲಿ ಗೀಚಿದ ನಕ್ಷೆ, ಸಾಮಾನಿನ ಪಟ್ಟಿ, ಸವೆದ ಬೂಟು, ಟಾರ್ಚು ಇವನ್ನೆಲ್ಲ ಕಿಟಕಿಯ ಪಕ್ಕದ ಬೆಳಕಿನಲ್ಲಿ ಮೇಲಿನಿಂದ ತೆಗೆದು ಹಾಕಿ. ಜೊತೆಗೆ ಹೋಗುತ್ತಿದ್ದ ಗೆಳೆಯರ ಹಳೆಯ ಫೋನು, ಮೆಮೊರಿ ಕಾರ್ಡು ಹುಡುಕಿಸಿ. ಅಪ್ಪ ಕಾಣುವ ಚಿತ್ರಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. 40 ಪುಟಕ್ಕೆ 80–100 ಚಿತ್ರ ಧಾರಾಳ. ಬೆಟ್ಟದ್ದೇ ಒಂದು ಭಾಗ, ಮನೆಯದೇ ಒಂದು ಭಾಗ ಎಂದು ಬೇರ್ಪಡಿಸಬೇಡಿ. ಮಗಳನ್ನು ಹೆಗಲ ಮೇಲೆ ಹೊತ್ತು ಏರು ಹತ್ತುತ್ತಿರುವ ಚಿತ್ರವನ್ನು ಯಾವ ಭಾಗಕ್ಕೆ ಹಾಕುತ್ತೀರಿ?

ಪ್ರಿಂಟ್ ಆದ ಮೇಲೆ ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ ಬರುತ್ತದೆ, ಮರದ ನೆರಳಿನ ಚಿತ್ರವಂತೂ ಮುಳುಗಿಯೇ ಹೋಗುತ್ತದೆ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿ, ಮುಖದ ಭಾಗದ ಬೆಳಕನ್ನಷ್ಟೇ ಸ್ವಲ್ಪ ಹೆಚ್ಚಿಸಿ. ಫೈಲ್ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣ ಮಾದರಿಯಲ್ಲಿರಲಿ. ಬುಕ್ಕು ಕಟ್ಟುವಾಗ ಪುಟದ ಸುತ್ತಲೂ ಸುಮಾರು 3 ಎಂಎಂ ಕತ್ತರಿಸಿ ಹೋಗುತ್ತದೆ, ಅಕ್ಷರವನ್ನು ಅಂಚಿನಿಂದ 10 ಎಂಎಂ ಒಳಗಿಡಿ.

ಕನ್ನಡದ ಅಡಿಬರಹಕ್ಕೆ ಬಂದರೆ ಹಲವು ಆ್ಯಪುಗಳಿಗೆ ನಾವು ಅಂಕ ಕೊಡಲಾರೆವು. ಒತ್ತಕ್ಷರ ಕೆಳಗೆ ಕೂರುವ ಬದಲು ಪಕ್ಕಕ್ಕೆ ಜಾರುತ್ತದೆ, ಅರ್ಕಾವತ್ತು ಎಲ್ಲೋ ಹಾರುತ್ತದೆ. ಆರ್ಡರ್ ಮಾಡುವ ಮೊದಲು "ಸ್ವಾತಂತ್ರ್ಯ", "ಪರ್ವತ" ಎಂದು ಟೈಪ್ ಮಾಡಿ ಪೂರ್ವವೀಕ್ಷಣೆ ನೋಡಿ. ಕೆಟ್ಟರೆ ಬರಹವನ್ನು ಬೇರೆ ತಂತ್ರಾಂಶದಲ್ಲಿ ಯೂನಿಕೋಡ್ ಫಾಂಟಿನಲ್ಲಿ ಸಿದ್ಧಮಾಡಿ, 300 ಡಿಪಿಐ ಪಿಎನ್‌ಜಿ ಚಿತ್ರವಾಗಿ ಸೇರಿಸಿ. ಡಿಸೈನರ್‌ಗೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಫೈಲ್ ಕೊಟ್ಟರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದಾಗ ಬರೀ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ. ಹೆಸರು, ಇಸವಿಗಳನ್ನು ಮನೆಯ ಹಿರಿಯರೊಬ್ಬರು, ಹೊರಗಿನವರೊಬ್ಬರು ಓದಿ ನೋಡಲಿ. ನೀವು ಒಪ್ಪಿದ ಪ್ರೂಫಿನ ತಪ್ಪಿಗೆ ಸಾಮಾನ್ಯವಾಗಿ ಯಾರೂ ಪುಕ್ಕಟೆ ಮರುಮುದ್ರಣ ಮಾಡುವುದಿಲ್ಲ.

ಅವರ ದನಿ ಕೇಳಿಸುವ ಕ್ಯೂಆರ್ ಕೋಡ್ ಆಸೆ ಹುಟ್ಟಿಸುವ ಸೌಲಭ್ಯ. ಆದರೆ ಕೊಂಡಿ ಬದುಕಿರುವುದು ಕಂಪನಿ ಆ ಸೇವೆ ನಡೆಸುವವರೆಗೆ ಮಾತ್ರ. ಮೂಲ ಆಡಿಯೋ ಮನೆಯಲ್ಲಿ ಎರಡು ಕಡೆ ಇರಲಿ. ಮುದ್ರಣದ ಪಿಡಿಎಫನ್ನೂ ಕೇಳಿ ಪಡೆಯಿರಿ, ಆ್ಯಪಿನೊಳಗಿನ ಪ್ರಾಜೆಕ್ಟನ್ನು ಕೆಲಕಾಲದ ನಂತರ ಅಳಿಸುವವರಿದ್ದಾರೆ. ಮಕ್ಕಳಿಗೆಲ್ಲ ಒಂದೊಂದು ಪ್ರತಿ ಬೇಕಿದ್ದರೆ ಒಂದೇ ಸಲ ಮಾಡಿಸಿ, ಬೇರೆ ಬೇರೆ ಸಲ ಅಚ್ಚಾದದ್ದರಲ್ಲಿ ಬಣ್ಣ ಹೊಂದದೆ ಹೋಗಬಹುದು. ಫೋಟೋ ಪೇಪರಿನ ಬುಕ್ಕು ತೇವಕ್ಕೆ ಪುಟಕ್ಕೆ ಪುಟ ಅಂಟಿಕೊಳ್ಳುವ ಜಾತಿ. ಪಿವಿಸಿ ಕವರಿನಲ್ಲಿಡದೆ, ಬಿಸಿಲು ಬೀಳದ ಒಣ ಕಪಾಟಿನಲ್ಲಿ ಇಟ್ಟು, ಮಳೆಗಾಲದಲ್ಲಿ ಆಗಾಗ ತೆರೆದು ಪುಟ ತಿರುವಿ.