ಮರದ ಮೇಲಿನ ಅಣಬೆ ಗುರುತಿಸಲು ಯಾವುದು ವಾಸಿ: ಫೋನೋ, ಐನ್ಯಾಚುರಲಿಸ್ಟೋ, ಚಾಕುವೋ?

ಅಡಿಕೆ ಮರದ ಬುಡದಲ್ಲಿ ಮೆರುಗಿರುವ ಕೆಂಗಂದು ಅಣಬೆ ಎದ್ದರೆ ಬೆಳೆಗಾರರ ಎದೆ ಧಸಕ್ ಅನ್ನುತ್ತದೆ. ಅಣಬೆ ರೋಗ ತರುವ ಗ್ಯಾನೋಡರ್ಮಾ ಅದು. ಆದರೆ ಹಳೇ ಮರಗಳ ಮೇಲೆ ಕಾಣುವುದೆಲ್ಲ ಅದೇ ಅಲ್ಲ. ಎಷ್ಟೋ ಅಣಬೆಗಳು ಒಣಗಿದ ಕೊಂಬೆಯನ್ನಷ್ಟೇ ತಿಂದುಕೊಂಡು ಇರುತ್ತವೆ. ಹೆದರಬೇಕಾದ್ದು ಯಾವುದು, ಸುಮ್ನೆ ಬಿಡಬಹುದಾದ್ದು ಯಾವುದು ಅಂತ ತಿಳಿಯಲು ಈ ಮಳೆಗಾಲದಲ್ಲಿ ಮೂರು ದಾರಿ ಹಿಡಿದು ನೋಡಿದೆ. ಅಡಿಕೆ ತೋಟ, ಮಾವು, ರಸ್ತೆಬದಿಯ ಗುಲ್‌ಮೊಹರ್, ಎಲ್ಲ ಕಡೆಯೂ ಅದೇ ಮೂರು.

ಫೋನಿನಲ್ಲಿ ಫೋಟೊ ಹಾಕಿ ಹುಡುಕುವುದು ಎಲ್ಲಕ್ಕಿಂತ ಬೇಗ. ಹೊಸದಾಗಿ ಎದ್ದ ಗ್ಯಾನೋಡರ್ಮಾದ ಹೆಸರು ತಟ್ಟನೆ ಬರುತ್ತದೆ. ಅದೇ ಅಣಬೆ ಹಳತಾಗಿ, ಮೆರುಗು ಹೋಗಿ, ಪಾಚಿ ಹತ್ತಿದರೆ ಉತ್ತರ ದಿಕ್ಕಾಪಾಲು. ಮೇಲ್ಭಾಗದ ಒಂದೇ ಫೋಟೊದಲ್ಲಿ ಸಿಗುವ ಗುರುತು ಅಷ್ಟೇ ಅಲ್ವಾ?

ಐನ್ಯಾಚುರಲಿಸ್ಟ್ ಅಂದರೆ ಗಿಡ, ಪ್ರಾಣಿ, ಅಣಬೆಗಳ ಫೋಟೊ ಹಾಕಿ ಹೆಸರು ತಿಳಿಯುವ ಜಾಲತಾಣ ಮತ್ತು ಆ್ಯಪ್; 2008ರಲ್ಲಿ ಶುರುವಾದದ್ದು. ಅಲ್ಲಿ ಆ್ಯಪ್ ಒಂದು ಹೆಸರು ಸೂಚಿಸುತ್ತದೆ, ಆಮೇಲೆ ಮನುಷ್ಯರು ನೋಡಿ ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ನನಗೆ ಹಿಡಿಸಿದ್ದು ಇದೇ. ಮೇಲ್ಭಾಗ, ಅಡಿಭಾಗ, ಮರದ ಪೂರ್ತಿ ನೋಟ ಹೀಗೆ ಮೂರು ಫೋಟೊ ಹಾಕಿ, ಮರ ಯಾವುದು, ಜೀವಂತವೋ ಸತ್ತದ್ದೋ ಅಂತ ಬರೆದರೆ ಒಳ್ಳೇ ಉತ್ತರ ಸಿಗುತ್ತದೆ. ಕಾಯಬೇಕು, ಅಷ್ಟೇ.

ಮೂರನೆಯದು ಚಾಕು, ಭೂತಗನ್ನಡಿ ಹಿಡಿದು ಕೈಯಾರೆ ನೋಡುವುದು. ಅದರಲ್ಲಿ ಸಿಗುವಷ್ಟು ಇನ್ನೆಲ್ಲೂ ಸಿಗುವುದಿಲ್ಲ. ಮೊದಲು ಅಣಬೆಯ ಅಡಿ ನೋಡಿ. ಬಿಳಿ ಮೈ, ಸೂಜಿಮೊನೆಯಷ್ಟು ಸಣ್ಣ ತೂತುಗಳು, ಉಗುರಿನಲ್ಲಿ ಗೀರಿದ ಕೂಡಲೇ ಕಂದು ಗೆರೆ ಮೂಡಿದರೆ ಗ್ಯಾನೋಡರ್ಮಾ ಇರಬಹುದು. ಒಂದು ತುಂಡು ಕತ್ತರಿಸಿ, ಅಡಿ ಕೆಳಗಾಗುವಂತೆ ಬಿಳಿ ಹಾಳೆಯ ಮೇಲಿಟ್ಟು ಬಟ್ಟಲು ಮುಚ್ಚಿಡಿ. ಬೆಳಿಗ್ಗೆ ಹಾಳೆಯ ಮೇಲೆ ಕೋಕೋ ಪುಡಿ ಬಣ್ಣದ ಬೀಜಾಣು ಬಿದ್ದಿದ್ದರೆ ಅದು ಗ್ಯಾನೋಡರ್ಮಾ ಅನ್ನುವುದು ಬಹುತೇಕ ಖಾತ್ರಿ. ಎಷ್ಟೋ ಸಲ ಇಷ್ಟೂ ಬೇಡ; ಆ ಪುಡಿ ಅಣಬೆಯ ನೆತ್ತಿಯ ಮೇಲೆ, ಬುಡದ ತರಗೆಲೆಯ ಮೇಲೆ ತಾನಾಗಿ ಕೂತಿರುತ್ತದೆ.

ಮಾವಿನ ಒಣಕೊಂಬೆಯ ಮೇಲೆ ಸಾಲಾಗಿ ಬರುವ, ಬೂದುಬಿಳಿ ರೋಮದ ಪುಟ್ಟ ಬೀಸಣಿಗೆಗಳು ಬೇರೆ. ಭೂತಗನ್ನಡಿಯಲ್ಲಿ ಅಡಿಭಾಗ ನೋಡಿದರೆ ತೂತು ಇಲ್ಲ, ತೆಳು ಪದರಗಳಿವೆ, ಒಂದೊಂದೂ ಉದ್ದಕ್ಕೆ ಸೀಳಿದೆ. ಇದು ಸ್ಕಿಜೋಫಿಲಮ್. ಬಿಸಿಲಿಗೆ ಪದರಗಳು ಮುದುಡುತ್ತವೆ, ಮಳೆ ಬಿದ್ದರೆ ಮತ್ತೆ ಬಿಚ್ಚುತ್ತವೆ. ನೋಡಲು ತುಂಬ ಚೆಂದ! ಇನ್ನು ಚಾಕುವೇ ಇಳಿಯದಷ್ಟು ಗಟ್ಟಿ, ಒಳಗೆಲ್ಲ ತುಕ್ಕು ಬಣ್ಣ ಇದ್ದರೆ ಫೆಲಿನಸ್ ಗುಂಪಿನದು ಅಂತ ಅನುಮಾನಿಸಬಹುದು.

ಒಂದನ್ನೇ ಆರಿಸಿ ಅಂದರೆ ನನ್ನ ಮತ ಚಾಕು-ಭೂತಗನ್ನಡಿಗೆ, ಅದರ ಬೆನ್ನಿಗೆ ಐನ್ಯಾಚುರಲಿಸ್ಟ್. ಪ್ರಭೇದದ ಹೆಸರಿಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಗ್ಯಾನೋಡರ್ಮಾ ಲೂಸಿಡಮ್’ ನಿಜಕ್ಕೂ ಯುರೋಪಿನ ಅಣಬೆಯ ಹೆಸರು. ಏಷ್ಯಾದ ಎಷ್ಟೋ ಬೇರೆ ಅಣಬೆಗಳಿಗೂ ಅದೇ ಹೆಸರು ಅಂಟಿಕೊಂಡಿತ್ತು ಅಂತ ಡಿಎನ್‌ಎ ಪರೀಕ್ಷೆ ತೋರಿಸಿದೆ. ತೋಟದವರಿಗೆ ಗ್ಯಾನೋಡರ್ಮಾ ಹೌದೋ ಅಲ್ಲವೋ ಗೊತ್ತಾದರೆ ಸಾಕು.

ಹೌದಾದರೆ ತಡಮಾಡಬೇಡಿ. ಅಣಬೆ ಹೊರಗೆ ಕಾಣುವ ಹೊತ್ತಿಗೆ ಬುಡ, ಬೇರು ಒಳಗೇ ಕೊಳೆತಿರುತ್ತದೆ. ಬರೀ ಅಣಬೆ ಕಿತ್ತೆಸೆದರೆ ರೋಗ ಹೋಗುವುದಿಲ್ಲ. ಅದು ಬೇರಿನಿಂದ ಬೇರಿಗೆ ಹರಡುವುದರಿಂದ ಸತ್ತ ಅಡಿಕೆ ಮರವನ್ನು ಬುಡ-ಬೇರು ಸಮೇತ ತೆಗೆದು, ಸುತ್ತ ಕಂದಕ ತೋಡಿ ಪಕ್ಕದ ಮರಗಳಿಂದ ಬೇರ್ಪಡಿಸಬೇಕು. ರಸ್ತೆಬದಿಯ ಗುಲ್‌ಮೊಹರ್ ಬುಡದಲ್ಲಿ ಕಂಡರೆ ಅದರ ಕೆಳಗೆ ಗಾಡಿ ನಿಲ್ಲಿಸಬೇಡಿ. ಫೋಟೊ ತೆಗೆದು ಪಾಲಿಕೆಯ ಅರಣ್ಯ ವಿಭಾಗಕ್ಕೆ ಮಳೆಗಾಳಿ ಶುರುವಾಗುವ ಮೊದಲೇ ತಿಳಿಸಿ.