ಟ್ವೆಂಟೆ ವೆಬ್‌ಎಸ್‌ಡಿಆರ್: ಕೆಲವು ವರ್ಷ ಬಳಸಿದ ಮೇಲೆ

ಶಾರ್ಟ್‌ವೇವ್‌ನ ನಿಗೂಢ ಸಿಗ್ನಲ್‌ಗಳನ್ನು ಕೇಳುವ ಆಸೆ ಇದೆ, ಯಾವ ರೇಡಿಯೋ ಕೊಳ್ಳಲಿ ಅಂತ ಯಾರಾದರೂ ಕೇಳಿದರೆ, ಸದ್ಯಕ್ಕೆ ಏನೂ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಮೊದಲು ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್, ಅಂದರೆ ಇಂಟರ್ನೆಟ್ ಮೂಲಕ ಕೇಳುವ ರೇಡಿಯೋ ರಿಸೀವರ್, ತೆರೆಯಿರಿ. ರಿಸೀವರ್ ಇರುವುದು ಎನ್‌ಸ್ಕೆಡೆ ಊರಿನ ಕ್ಯಾಂಪಸ್‌ನಲ್ಲಿ, ಟ್ಯೂನ್ ಮಾಡುವುದು ನಿಮ್ಮ ಬ್ರೌಸರ್‌ನಲ್ಲಿ. ದುಡ್ಡು ಕೊಡಬೇಕಿಲ್ಲ. ನೂರಾರು ಜನ ಒಂದೇ ಸಲಕ್ಕೆ ಬೇರೆ ಬೇರೆ ಫ್ರೀಕ್ವೆನ್ಸಿ ಕೇಳಬಹುದು. 2008ರಲ್ಲಿ ಶುರುವಾದ ಇದು ನಡುವೆ ನಿಂತು, 2012ರಲ್ಲಿ ಈಗಿನ ರೂಪದಲ್ಲಿ ಮರಳಿತು. ಸೊನ್ನೆಯಿಂದ ಸುಮಾರು 29 ಮೆಗಾಹರ್ಟ್ಸ್‌ವರೆಗೆ ಎಲ್ಲವೂ ಸಿಗುತ್ತದೆ. ಇಷ್ಟಕ್ಕೂ ಆಂಟೆನಾ ಒಂದು ಪುಟ್ಟ ಮಿನಿ-ವಿಪ್, ಅಷ್ಟೇ!

ನನಗೆ ತುಂಬಾ ಇಷ್ಟವಾದದ್ದು ಇದರ ವಾಟರ್‌ಫಾಲ್, ಅಂದರೆ ಸಿಗ್ನಲ್‌ಗಳನ್ನು ಪರದೆಯ ಮೇಲೆ ಹರಿಯುವ ಚಿತ್ರವಾಗಿ ತೋರಿಸುವ ಭಾಗ. ಸಿಗ್ನಲ್ ಕಿವಿಗೆ ಬೀಳುವ ಮೊದಲೇ ಕಣ್ಣಿಗೆ ಬೀಳುತ್ತದೆ. ಕೆಲವು ತಿಂಗಳಲ್ಲಿ ಆಕಾರ ನೋಡಿಯೇ ಗುರುತು ಹಿಡಿಯುವುದು ಅಭ್ಯಾಸವಾಗುತ್ತದೆ. ಅಗಲವಾದ ದಪ್ಪ ಪಟ್ಟಿ ಬಂದು ಪಕ್ಕದ ಸ್ಟೇಷನ್‌ಗಳನ್ನೆಲ್ಲ ನುಂಗುತ್ತಿದ್ದರೆ ಅದು ಬಹುಪಾಲು ದೂರಗಾಮಿ ರಾಡಾರ್. 4996 ಕಿಲೋಹರ್ಟ್ಸ್‌ನ ಟಿಕ್ ಟಿಕ್ ಹೊಸಬರಿಗೆ ಭಾರಿ ರಹಸ್ಯ ಅನ್ನಿಸುತ್ತದೆ. ಅದು ಮಾಸ್ಕೋದ ಆರ್‌ಡಬ್ಲ್ಯೂಎಂ, ಸಮಯ ಹೇಳುವ ಸ್ಟೇಷನ್. ಹೀಗೆ ಮುಕ್ಕಾಲು ಪಾಲು ನಿಗೂಢ ಕರಗಿಹೋಗುತ್ತದೆ. ಆಮೇಲೆ ಉಳಿಯುವುದೇ ಈ ಹವ್ಯಾಸದ ನಿಜವಾದ ತಿರುಳು.

ಉದಾಹರಣೆಗೆ 4625 ಕಿಲೋಹರ್ಟ್ಸ್. ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಮೋಡ್‌ಗೆ ಹಾಕಿ. ನಿಮಿಷಕ್ಕೆ ಸುಮಾರು 25 ಸಲ ಒರಟಾದ ಗುಂಯ್ ಸದ್ದು. ಇದೇ 'ಬಜರ್', ಹಳೆಯ ಹೆಸರು ಯುವಿಬಿ-76. ರಷ್ಯಾದ ಸೇನೆಯದ್ದು ಅನ್ನುವುದು ಬಹುತೇಕ ಕೇಳುಗರ ನಂಬಿಕೆ. ಹಲವು ದಶಕಗಳಿಂದ ಹೀಗೇ ಕೂಗುತ್ತಿದೆ. ಆಗೊಮ್ಮೆ ಈಗೊಮ್ಮೆ ಸದ್ದು ನಿಂತು, ಒಬ್ಬ ಮನುಷ್ಯ ರಷ್ಯನ್‌ನಲ್ಲಿ ಒಂದಿಷ್ಟು ಅಂಕಿ, ಒಂದು ಪದ ಓದುತ್ತಾನೆ. ಅದು ಯಾವಾಗ ಅಂತ ಮೊದಲೇ ಗೊತ್ತಾಗುವುದಿಲ್ಲ. ಪುಟದಲ್ಲೇ ರೆಕಾರ್ಡ್ ಬಟನ್ ಇದೆ, ಮೊದಲೇ ಒತ್ತಿಟ್ಟುಕೊಂಡು ಕೇಳಿ.

ನಂಬರ್ ಸ್ಟೇಷನ್‌ಗಳ, ಅಂದರೆ ಗೂಢಚಾರರಿಗೆ ಅಂಕಿಗಳಲ್ಲಿ ಸಂದೇಶ ಕಳಿಸುವ ಸ್ಟೇಷನ್‌ಗಳ, ಕಥೆ ಬೇರೆ. ಇವು ಸುಮ್ನೆ ಹುಟ್ಟಿದ ಗಾಳಿಸುದ್ದಿ ಅಲ್ಲ. ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿದ್ದುಕೊಂಡೇ ಕ್ಯೂಬಾಕ್ಕೆ ಕೆಲಸ ಮಾಡುತ್ತಿದ್ದ ಆನಾ ಮೊಂಟೆಸ್ 2001ರಲ್ಲಿ ಸಿಕ್ಕಿಬಿದ್ದಳು. ಅವಳಿಗೆ ಆದೇಶ ಬರುತ್ತಿದ್ದದ್ದು ಶಾರ್ಟ್‌ವೇವ್ ಅಂಕಿಗಳಲ್ಲೇ. ಕಳಿಸುವವರ ಕೈಯಲ್ಲಿರುವ, ಯಾವ ಕ್ರಮವೂ ಇಲ್ಲದ ಗುಪ್ತ ಅಂಕಿಪಟ್ಟಿಯೇ ಕೇಳುವವರ ಕೈಯಲ್ಲೂ ಇದ್ದು, ಅದನ್ನು ಒಂದೇ ಸಲ ಬಳಸಿ ಸುಟ್ಟರೆ ಆ ಸಂದೇಶವನ್ನು ಮೂರನೆಯವರು ಬಿಡಿಸಲು ಸಾಧ್ಯವೇ ಇಲ್ಲ. ಇಂಟರ್ನೆಟ್ ಬಳಸಿದರೆ ಗುರುತು ಉಳಿಯುತ್ತದೆ, ರೇಡಿಯೋ ಯಾರು ಕೇಳಿದರು ಅಂತ ಯಾರಿಗೆ ಗೊತ್ತಾಗಬೇಕು ಅಲ್ವಾ? ಎಚ್‌ಎಂ01 ಅನ್ನುವ ಕ್ಯೂಬಾದ ಸ್ಟೇಷನ್‌ನಲ್ಲಿ ಸ್ಪ್ಯಾನಿಷ್ ಅಂಕಿಗಳ ನಡುವೆ ಡಿಜಿಟಲ್ ಡೇಟಾದ ಗರಗರ ಸದ್ದೂ ಬರುತ್ತದೆ. ಅದನ್ನು ಟ್ವೆಂಟೆಯಲ್ಲಿ ಹಿಡಿಯಲು ತಾಳ್ಮೆ ಬೇಕು, ಅಟ್ಲಾಂಟಿಕ್ ದಾಟಿ ಬರಬೇಕಲ್ಲ.

ಮಿತಿಯೂ ಇಲ್ಲೇ ಇದೆ. ಟ್ವೆಂಟೆ ಕೇಳಿಸುವುದು ಯುರೋಪಿನ ಆಕಾಶವನ್ನು, ನಮ್ಮದನ್ನಲ್ಲ. ಚೀನಾ, ಕೊರಿಯಾ ಕಡೆಯ ಸಿಗ್ನಲ್ ಬೇಕಿದ್ದರೆ ಏಷ್ಯಾದ ರಿಸೀವರ್ ಹುಡುಕಿ. ಸಿಗ್ನಲ್ ಎಲ್ಲಿಂದ ಬರುತ್ತಿದೆ ಅಂತ ತಿಳಿಯಲೂ ಇದೊಂದರಿಂದ ಆಗದು. ಅದಕ್ಕೆ ಕಿವಿಎಸ್‌ಡಿಆರ್, ಅಂದರೆ ಹಲವು ಕಡೆ ಇರುವ ಇಂಥದ್ದೇ ಆನ್‌ಲೈನ್ ರಿಸೀವರ್‌ಗಳ ಜಾಲ, ವಾಸಿ. ಜಿಪಿಎಸ್ ಸಮಯ ಹಿಡಿದ ಹಲವು ರಿಸೀವರ್‌ಗಳಿಗೆ ಒಂದೇ ಸಿಗ್ನಲ್ ಎಷ್ಟೆಷ್ಟು ವ್ಯತ್ಯಾಸದಲ್ಲಿ ತಲುಪಿತು ಅಂತ ಲೆಕ್ಕ ಹಾಕಿ, ಜಾಗವನ್ನು ಅಂದಾಜು ಮಾಡುತ್ತದೆ. ಆದರೆ ಅಲ್ಲಿ ಒಂದು ರಿಸೀವರ್‌ಗೆ ಕೆಲವೇ ಜನಕ್ಕೆ ಅವಕಾಶ.

ನಮ್ಮೂರಿನಿಂದ ಕೇಳುವವರಿಗೆ ಇನ್ನೊಂದು ಮಾತು. ಕೆಳಗಿನ ಫ್ರೀಕ್ವೆನ್ಸಿಗಳು ಕತ್ತಲಾದ ಮೇಲೆಯೇ ಚೆನ್ನಾಗಿ ಹರಡುವುದು. ಲೆಕ್ಕಕ್ಕೆ ಬರುವುದು ಅಲ್ಲಿನ ಕತ್ತಲು, ಇಲ್ಲಿನದಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ನಮಗೆ ರಾತ್ರಿ ಒಂಬತ್ತರ ಸುಮಾರು, ಊಟ ಮುಗಿಸಿ ಕೂರಬಹುದು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಇಲ್ಲಿ ನಡುರಾತ್ರಿ ದಾಟಿರುತ್ತದೆ. ವೇಳಾಪಟ್ಟಿಗಳೆಲ್ಲ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯದಲ್ಲಿ) ಇರುವುದರಿಂದ ಐದೂವರೆ ಗಂಟೆ ಸೇರಿಸಿ ಓದಿಕೊಳ್ಳಿ. ಹೊಸದಾಗಿ ಶುರು ಮಾಡುವವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಶುರು ಮಾಡಿ.