ಹಳೇ ಟಾಟಾ 207 ರಿಪೇರಿಗೆ ಬೆಂಗಳೂರಿನ ಜೆ.ಸಿ. ರೋಡ್ ಸ್ಪೇರ್ಸ್ ಅಂಗಡಿಗಳು

ನಮ್ಮ ತರಕಾರಿ ಲೋಡಿನ 207 ಪಿಕಪ್‌ಗೆ ಬೇಕಾಗಿದ್ದ ಮುಕ್ಕಾಲು ಪಾಲು ಸಾಮಾನು ಜೆ.ಸಿ. ರೋಡಲ್ಲೇ ಸಿಕ್ತು, ನಿಜವಾಗ್ಲೂ ಖುಷಿ ಆಯ್ತು. ಹಳೇ ಪಾರ್ಟ್ ಬಿಚ್ಕೊಂಡು ಕೈಲಿ ಹಿಡ್ಕೊಂಡೇ ಹೋಗಿ, ಕೌಂಟರ್‌ನಲ್ಲಿ ಇರೋರು ನೋಡಿದ ತಕ್ಷಣ ಯಾವ ಮಾಡೆಲ್‌ದು ಅಂತ ಹೇಳ್ತಾರೆ, ಕಂಪನಿದು ಬೇಕಾ ಲೋಕಲ್ ಸಾಕಾ ಅಂತ ಕೇಳ್ತಾರೆ, ಎರಡೂ ಪಕ್ಕಪಕ್ಕ ಇಟ್ಟು ತೋರಿಸ್ತಾರೆ.

ದುಡ್ಡು ಉಳಿಸೋಕೆ ಡೋರ್ ಹ್ಯಾಂಡಲ್, ಮಿರರ್, ಟೇಲ್ ಲ್ಯಾಂಪ್ ಇಂಥದ್ದು ಲೋಕಲ್ ತಗೊಳ್ಳಿ, ಇಲ್ಲಾ ಶಿವಾಜಿನಗರದ ಗುಜರಿಲಿ ಹುಡುಕಿ. ಆದ್ರೆ ಬ್ರೇಕ್ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ್ವೇ ಬೇಡ, ಬ್ರೇಕ್ ಶೂ ತಳ್ಳೋ ವೀಲ್ ಸಿಲಿಂಡರ್ ಹೊಸದೇ ಹಾಕಿ, ಹಿಂದಿನ ಚಕ್ರದ ಶೂ ಚೆನ್ನಾಗಿದ್ರೆ ಅದಕ್ಕೆ ಹೊಸ ಲೈನಿಂಗ್ (ಉಜ್ಜೋ ಪಟ್ಟಿ) ಹೊಡೆಸಿದ್ರೆ ಸಾಕು, ಲೋಡ್ ಹಾಕ್ಕೊಂಡು ಘಾಟಿ ಇಳಿಯೋ ಗಾಡಿ ಅದು. ಟಿಂಕರಿಂಗ್ (ಬಾಡಿ ತಗಡಿನ ಕೆಲಸ) ಊರಲ್ಲೇ ಮಾಡ್ಸಿ, ಕ್ಯಾಬಿನ್ ಫ್ಲೋರ್ ತುಕ್ಕು ಹಿಡಿದಿದ್ರೆ ಪೇಂಟಿಗೆ ಮುಂಚೆ ಶೀಟ್ ಕತ್ತರಿಸಿ ವೆಲ್ಡ್ ಮಾಡ್ಸ್ಬೇಕು. 8 ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇರುತ್ತಲ್ಲ, ಅದಕ್ಕೆ ಬೇಕಾದ, ಲೈಟು, ರಿಫ್ಲೆಕ್ಟರ್ ಸ್ಟಿಕ್ಕರ್ ಎಲ್ಲಾ ಒಂದೇ ಸಲ ತಂದ್ಬಿಡಿ.

ಪಾರ್ಕಿಂಗ್ ಮಾತ್ರ ಕಷ್ಟ, ಬಸ್ಸಲ್ಲಿ ಹೋಗಿ, ಬಿಲ್ ಕೇಳಿ ಇಸ್ಕೊಳ್ಳಿ.